ಜಾರುವ ಬಿರಡೆ

ಕಳೆದ ಸಲ ಪಾಪನಿವೇದನೆಗೆ ಮೊಣಕಾಲೂರಿದಾಗ ನೀವು ಹೇಳಿದ ಪಾಪಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಅದರ ಹಿಂದಿನ ಸಲ ಹೇಳಿದವನ್ನೂ ನೆನಪಿಸಿಕೊಳ್ಳಿ. ಎರಡೂ ಹೆಚ್ಚುಕಡಿಮೆ ಒಂದೇ ಅಲ್ಲವೇ? ಅದೇ ಸಿಟ್ಟು, ಅದೇ ಚಾಡಿ ಮಾತು, ಅದೇ ಸೋಮಾರಿತನ. ಕೆಲವರಿಗೆ ಅದೇ ಬಾಟಲಿ. ಪ್ರತಿ ಸಲವೂ “ಇನ್ನು ಮುಂದೆ ಈ ಪಾಪ ಮಾಡುವುದಿಲ್ಲ” ಎಂದು ದೇವರ ಮುಂದೆ ಮಾತು ಕೊಟ್ಟು ಎದ್ದು ಬರುತ್ತೇವೆ. ತಿಂಗಳು ಕಳೆಯುವುದರೊಳಗೆ ಮತ್ತೆ ಅಲ್ಲೇ ಇರುತ್ತೇವೆ. ಹಾಗಾದರೆ ನಾವು ಕೊಟ್ಟ ಮಾತು ಸುಳ್ಳೇ? ಮತ್ತೆ ಬೀಳುತ್ತೇನೆಂದು ಒಳಗೊಳಗೇ ಗೊತ್ತಿದ್ದೂ “ಬೀಳುವುದಿಲ್ಲ” ಎನ್ನುವುದು ದೇವರಿಗೆ ಮಾಡುವ ಮೋಸವೇ?

ಈ ಪ್ರಶ್ನೆ ನನ್ನದಲ್ಲ. ಹುಕ್ಕೇರಿ ಕಡೆಯ ಹಿರಿಯರೊಬ್ಬರು ನನಗೆ ಕೇಳಿದ್ದು. ಅವರನ್ನು ನಾವೆಲ್ಲ ಕಾಕಾ ಎಂದೇ ಕರೆಯುವುದು. ಅವರು ಭಜನೆಯಲ್ಲಿ ತಂಬೂರಿ ಹಿಡಿಯುವವರು. ತಮ್ಮ ಮಾತನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು ಬೇಡವೆಂದದ್ದು ನಾನು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ನಮ್ಮವರು ಹೆಚ್ಚು ಜನವಿಲ್ಲ. ಅಲ್ಲೊಂದು ಮನೆ, ಇಲ್ಲೆರಡು ಮನೆ. ಆದರೆ ಹಾಡಿಗೆ ಬಡತನವಿಲ್ಲದ ಸೀಮೆ ಇದು. ಕೃಷ್ಣ ಪಾರಿಜಾತ ಕಟ್ಟಿದ ಕುಲಗೋಡ ತಮ್ಮಣ್ಣನ ಕುಲಗೋಡ ಇಲ್ಲೇ ಇದೆ. ಆ ಆಟಕ್ಕೆ ಹೆಸರು ತಂದ ಕೌಜಲಗಿ ನಿಂಗಮ್ಮನೂ ಈ ಮಣ್ಣಿನವಳೇ. ರಾತ್ರಿಯಿಡೀ ಭಜನೆ ಕೇಳುತ್ತ ಬೆಳೆದ ಜನ ದೇವಾಲಯಕ್ಕೆ ಬಂದಾಗ ಪೇಟಿ, ತಬಲಾ, ತಾಳ, ತಂಬೂರಿಗಳನ್ನು ಬಾಗಿಲಾಚೆ ಬಿಟ್ಟು ಬರಬೇಕಾಗಿಲ್ಲ. ಆಯಾ ಜನಾಂಗದ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ಸಲ್ಲಬೇಕಾದ ಸ್ಥಾನ ಕೊಡಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ಹಾಗಾಗಿ ತಪಸ್ಸು ಕಾಲದ ಶುಕ್ರವಾರಗಳಲ್ಲಿ ನಾವು ಶಿಲುಬೆಯ ಹಾದಿ ನಡೆಸುವಾಗ ಒಂದೊಂದು ಸ್ಥಳಕ್ಕೂ ಒಂದೊಂದು ಭಜನೆ ಹಾಡುವುದು ರೂಢಿ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಶುಕ್ರವಾರ ಏಳನೆಯ ಸ್ಥಳಕ್ಕೆ ಬಂದೆವು. ಯೇಸುಸ್ವಾಮಿ ಎರಡನೆಯ ಸಲ ನೆಲಕ್ಕೆ ಬಿದ್ದ ಸ್ಥಳ. ಹಾಡು ಎತ್ತಬೇಕು ಎನ್ನುವಷ್ಟರಲ್ಲಿ ತಂಬೂರಿಯ ದಪ್ಪ ತಂತಿ, ಖರ್ಜದ ತಂತಿ, ಸಡಿಲಾಗಿ ಗೊರಗೊರ ಎಂದಿತು. ಬಿರಡೆ ಜಾರಿತ್ತು. ಕಾಕಾ ತಿರುವಿದರು. ಕೈ ತೆಗೆದ ಕೂಡಲೇ ಮತ್ತೆ ಜಾರಿತು. ಇನ್ನಷ್ಟು ಬಿಗಿಯಾಗಿ ತಿರುವಿದರು. ಮತ್ತೆ ಜಾರಿತು. ಮೂರನೆಯ ಸಲ ಸಿಟ್ಟಿನಿಂದ ಒತ್ತಿ ತಿರುವಿದ್ದೇ ತಡ, ತಂತಿ ಕಡಿದು ಅವರ ಬೆರಳಿಗೆ ಬರೆ ಎಳೆಯಿತು. ತಂಬೂರಿಯನ್ನು ಕೆಳಗಿಟ್ಟರು. ಉಳಿದ ಏಳು ಸ್ಥಳಗಳನ್ನು ನಾವು ಬರೀ ತಾಳದಲ್ಲಿ ಮುಗಿಸಿದೆವು.

ಆಮೇಲೆ ಅಂಗಳದಲ್ಲಿ ಕೂತಾಗ ಕಾಕಾ ಹೇಳಿದರು: “ಇದೂ ನನ್ನಂಗs ಐತಿ ನೋಡು ತಮ್ಮಾ. ತಿರುವಿದಾಗ ನಿಂತಂಗ ಮಾಡತೈತಿ, ಕೈ ಬಿಟ್ಟರ ಜಾರತೈತಿ.”

ಆಗ ಅವರ ಕಥೆ ಹೊರಬಿತ್ತು. ಊರಿಗೆಲ್ಲ ಗೊತ್ತಿದ್ದ ಕಥೆಯೇ. ಕುಡಿತ. ವರ್ಷವಿಡೀ ಅಲ್ಲ, ಕಬ್ಬಿನ ಬಿಲ್ಲು ಬಂದಾಗ. ಕಾರ್ಖಾನೆಯ ದುಡ್ಡು ಕೈಗೆ ಬಂತೆಂದರೆ ಎಂಟು ದಿನ ಅವರು ಮನೆಯಲ್ಲಿರುವುದಿಲ್ಲ. ಇದ್ದರೂ ಇಲ್ಲದಂತೆ. 2007ರ ಜುಲೈ ತಿಂಗಳಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗ ಅವರ ಹೆಂಡತಿ ಹರಕೆ ಒಪ್ಪಿಸಿದ್ದರಂತೆ. ಸಾರಾಯಿ ಹೋಯಿತು, ಬೇರೆ ಬಾಟಲಿ ಬಂತು. ಪ್ರತಿ ತಪಸ್ಸು ಕಾಲದಲ್ಲೂ ಕಾಕಾ ಪಾಪನಿವೇದನೆ ಮಾಡಿ, ಅತ್ತು, ಬಿಟ್ಟೆ ಎಂದರು. ಎರಡು ಸಲ ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದರು. “ಗುರುಗಳ ಮುಂದ ಅದನ್ನs ಎಷ್ಟು ಸಲ ಹೇಳ್ಲಿ? ಮತ್ತ ಮಾಡ್ತೀನಂತ ನನಗs ಗೊತ್ತೈತಿ. ಸುಳ್ಳು ಹೇಳಾಕ ದೇವರ ಗುಡಿಗ್ಯಾಕ ಹೋಗಬೇಕು?” ಎಂದರು. ಆ ವರ್ಷ ಅವರು ಪಾಪನಿವೇದನೆಗೆ ಹೋಗಿರಲಿಲ್ಲ. ಪರಮಪ್ರಸಾದವನ್ನೂ ಬಿಟ್ಟಿದ್ದರು.

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. “ಮೊದಲು ಇದನ್ನ ಮಿರಜಕ್ಕ ಒಯ್ಯೋಣು ಕಾಕಾ” ಎಂದೆ.

ಮಿರಜವೆಂದರೆ ನಮ್ಮ ಕಡೆಯವರಿಗೆ ಎರಡು ಕಾರಣಕ್ಕೆ ಗೊತ್ತು. ಒಂದು ಆಸ್ಪತ್ರೆ, ಇನ್ನೊಂದು ತಂಬೂರಿ. ಘಟಪ್ರಭಾದಲ್ಲಿ ರೈಲು ಹತ್ತಿದರೆ ರಾಯಬಾಗ, ಕುಡಚಿ, ಉಗಾರ ದಾಟಿ ಮಿರಜ. ಅಲ್ಲಿಯ ವಾದ್ಯ ಮಾಡುವವರ ಹಿರಿಯರು ಮೂಲತಃ ಶಿಕಲಗಾರರು, ಅಂದರೆ ಕತ್ತಿ ಗುರಾಣಿಗಳನ್ನು ಮಾಡಿ ಹದಗೊಳಿಸುತ್ತಿದ್ದವರು. ಕತ್ತಿಗೆ ಗಿರಾಕಿ ಕಡಿಮೆಯಾದ ಕಾಲಕ್ಕೆ, 19ನೆಯ ಶತಮಾನದ ನಡುವಿನಲ್ಲಿ, ಫರೀದಸಾಹೇಬ ಎಂಬವರು ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ ಸಿತಾರ, ತಂಬೂರಿ ಮಾಡಲು ತೊಡಗಿದರು. ಕತ್ತಿಯನ್ನು ನೇಗಿಲಾಗಿ ಬಡಿಯುವ ದಿನವನ್ನು ಪ್ರವಾದಿ ಯೆಶಾಯ ಕಂಡನಲ್ಲ, ಅದು ಇಲ್ಲಿ ತಂಬೂರಿಯಾಯಿತು ಎಂದು ನಾನು ಕಾಕಾಗೆ ರೈಲಿನಲ್ಲಿ ಹೇಳಿದೆ. ಅವರು ಕಿಟಕಿಯಾಚೆಯ ಕಬ್ಬು ನೋಡುತ್ತಿದ್ದರು. ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಳ್ಳುವವರೆಗೆ ಮನೆ ಮಾಡಿಕೊಂಡಿದ್ದ ಊರು ಇದು. ಇಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಅಂಗಡಿಯ ಹಿರಿಯ ಕಾರಿಗರರು ತಂಬೂರಿಯನ್ನು ಮಡಿಲಲ್ಲಿ ಮಲಗಿಸಿಕೊಂಡರು. ಬಿರಡೆಯನ್ನು ತಿರುವಿ ನೋಡುತ್ತಾರೆಂದು ನಾನು ಎಣಿಸಿದ್ದೆ. ತಿರುವಲೇ ಇಲ್ಲ. ಹೊರಕ್ಕೆ ಎಳೆದು ಬೆಳಕಿಗೆ ಹಿಡಿದರು. ಮರಾಠಿ, ಕನ್ನಡ ಕಲಸಿದ ಮಾತಿನಲ್ಲಿ, “ತಿರುವಿ ತಿರುವಿ ಹಾಳು ಮಾಡೀರಿ. ಜಾರಿದರ ಮೊದಲ ತಗದು ನೋಡಬೇಕು” ಎಂದರು. ಮಿರಜದವರು ಬಿರಡೆಗೆ ಖುಂಟಿ ಎನ್ನುತ್ತಾರೆ. ಆ ಖುಂಟಿಯ ಮೈಮೇಲೆ ಎರಡೇ ಕಡೆ ಕಪ್ಪಾಗಿ ಹೊಳೆಯುವ ಗೆರೆಗಳಿದ್ದವು. ಉಳಿದ ಮೈ ಮಾಸಲಾಗಿತ್ತು. ಮರ ಮರಕ್ಕೆ ಸುತ್ತಲೂ ತಾಗಬೇಕು. ಇಲ್ಲಿ ಎರಡು ಬಿಂದುಗಳಲ್ಲಿ ಮಾತ್ರ ತಾಗುತ್ತಿತ್ತು.

ಇದು ಯಾಕೆ ಹಾಗಾಗುತ್ತದೆಂಬುದನ್ನು ನೀವೂ ತಿಳಿಯಬೇಕು, ಸ್ವಲ್ಪ ತಾಳ್ಮೆಯಿಂದ ಓದಿ. ಬಿರಡೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅದು ಕೂರುವ ತೂತೂ ಅದೇ ಇಳಿಜಾರಿನಲ್ಲಿರಬೇಕು. ಮೊಳೆಯಿಲ್ಲ, ಅಂಟಿಲ್ಲ, ಹಲ್ಲಿಲ್ಲ. ತಂತಿಯ ಅಷ್ಟೂ ಸೆಳೆತವನ್ನು ಹಿಡಿದಿರುವುದು ಮರಕ್ಕೂ ಮರಕ್ಕೂ ಇರುವ ತಿಕ್ಕಾಟ ಮಾತ್ರ. ಮರವಾದರೋ ಸುಮ್ಮನಿರುವ ವಸ್ತುವಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕುಗ್ಗುವಾಗ ಎಲ್ಲ ಕಡೆಗೂ ಸಮನಾಗಿ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಎಳೆಗೆ ಅಡ್ಡವಾಗಿ ಕುಗ್ಗುವುದು ಹೆಚ್ಚು. ಹೀಗಾಗಿ ವರ್ಷಗಳು ಕಳೆದಂತೆ ಗುಂಡಗಿದ್ದ ಬಿರಡೆ ತುಸು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗುಂಡಗಿದ್ದ ತೂತೂ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಆದರೆ ಇನ್ನೊಂದು ದಿಕ್ಕಿಗೆ. ಎರಡೂ ಹೊಂದುವುದಿಲ್ಲ. ಆಷಾಢದಲ್ಲಿ ಗಟ್ಟಿಯಾಗಿ ನಿಂತ ಬಿರಡೆ ನಮ್ಮ ಬಯಲುಸೀಮೆಯ ಮಾರ್ಚ್, ಏಪ್ರಿಲ್ ಬಿಸಿಲಿಗೆ ಕೈಕೊಡುತ್ತದೆ. ತಪಸ್ಸು ಕಾಲ ಬರುವುದೂ ಅದೇ ಹೊತ್ತಿಗೆ.

ಇನ್ನೊಂದು ತಪ್ಪು ನಮ್ಮದೇ. ತಂತಿಯನ್ನು ಬಿರಡೆಗೆ ಸುತ್ತುವಾಗ ಅದು ಗೋಡೆಯ ಕಡೆಗೆ ಸರಿಯುತ್ತ ಬರಬೇಕು. ಆಗ ತಂತಿಯೇ ಬಿರಡೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಾವು ಉಲ್ಟಾ ಸುತ್ತಿದ್ದೆವು. ಬಿಗಿ ಮಾಡಿದಷ್ಟೂ ತಂತಿಯೇ ಬಿರಡೆಯನ್ನು ಹೊರಕ್ಕೆ ನೂಕುತ್ತಿತ್ತು. ಹಿಡಿದಿಡಬೇಕಾದ ಶಕ್ತಿಯೇ ಜಾರಿಸುವ ಶಕ್ತಿಯಾಗಿತ್ತು.

ಕಾರಿಗರರು ತೂತನ್ನು ಹದವಾಗಿ ಕೊರೆದು ಗುಂಡಗೆ ಮಾಡಿದರು. ಸವೆದ ಖುಂಟಿಯನ್ನು ಬಿಟ್ಟು ಗಟ್ಟಿ ಮರದ ಹೊಸದೊಂದನ್ನು ತೂತಿಗೆ ಹೊಂದುವಂತೆ ಉಜ್ಜಿದರು. ಹಾಕುವುದು, ತಿರುವುವುದು, ತೆಗೆಯುವುದು, ಹೊಳೆವ ಗೆರೆ ಎಲ್ಲಿ ಬಿದ್ದಿದೆಯೆಂದು ನೋಡುವುದು, ಅಲ್ಲಿ ಮಾತ್ರ ಉಜ್ಜುವುದು. ಹೀಗೆ ಹತ್ತಿಪ್ಪತ್ತು ಸಲ. ಕೊನೆಗೆ ಸುತ್ತಲೂ ಒಂದೇ ಬಣ್ಣದ ಗುರುತು ಬಂತು. ಆಮೇಲೆ ಸೀಮೆಸುಣ್ಣ ಸವರಿದರು, ಹಿಡಿತ ಬರಲೆಂದು. ಊರಲ್ಲಿ ಒಬ್ಬ ಹುಡುಗ ಫೆವಿಕಾಲ್ ಹಾಕಿಬಿಡಿ ಎಂದಿದ್ದನ್ನು ಕಾಕಾ ಹೇಳಿದಾಗ ಅವರು ಜೋರಾಗಿ ನಕ್ಕರು. ಅಂಟು ಹಾಕಿದ ಖುಂಟಿ ಎಂದೂ ಜಾರುವುದಿಲ್ಲ ನಿಜ. ಆದರೆ ನಾಳೆ ಹಾಡುವವನ ಸ್ವರ ಅರ್ಧ ಮೇಲಿದ್ದರೆ? ತಂತಿ ಬಿಸಿಲಿಗೆ ಇಳಿದರೆ? ಅದನ್ನು ತಿರುವಲಾಗದು. ಅದು ತಂಬೂರಿಯ ಬಿರಡೆಯಲ್ಲ, ಗೋಡೆಗೆ ಬಡಿದ ಗೂಟ.

ಮರಳಿ ಬರುವಾಗ ಕಾಕಾ ಮೌನವಾಗಿದ್ದರು. ನನಗೆ ಅವರ ಪ್ರಶ್ನೆ ಬಿಡಲಿಲ್ಲ. ಮನೆಗೆ ಬಂದು ಧರ್ಮಸಭೆ ಇದರ ಬಗ್ಗೆ ಏನು ಹೇಳುತ್ತದೆಂದು ಹುಡುಕಿದೆ, ಗುರುಗಳನ್ನೂ ಕೇಳಿದೆ.

ಪಶ್ಚಾತ್ತಾಪವೆಂದರೆ ಮಾಡಿದ ಪಾಪಕ್ಕಾಗಿ ಆತ್ಮದ ದುಃಖ, ಆ ಪಾಪದ ಬಗ್ಗೆ ಹೇಸಿಗೆ, ಜೊತೆಗೆ ಮುಂದೆ ಮಾಡುವುದಿಲ್ಲವೆಂಬ ಸಂಕಲ್ಪ. ಹೀಗೆಂದು ಟ್ರೆಂಟ್ ಮಹಾಸಭೆ 1551ರಲ್ಲಿ ಖಚಿತವಾಗಿ ಹೇಳಿತು. ಸಂಕಲ್ಪವಿಲ್ಲದ ಪಶ್ಚಾತ್ತಾಪ ಪಶ್ಚಾತ್ತಾಪವಲ್ಲ. ಇಷ್ಟೇ ಓದಿದರೆ ಕಾಕಾ ಹೇಳಿದ್ದೇ ಸರಿ ಎನಿಸುತ್ತದೆ. ಬೀಳುತ್ತೇನೆಂದು ಗೊತ್ತಿರುವವನಿಗೆ ಸಂಕಲ್ಪ ಎಲ್ಲಿಂದ ಬಂತು?

ಆದರೆ ಜಗದ್ಗುರು ಎರಡನೇ ಜಾನ್ ಪಾಲ್ ಅವರು 1996ರ ಮಾರ್ಚ್ 22ರಂದು ಕಾರ್ಡಿನಲ್ ವಿಲಿಯಂ ಬಾಮ್ ಅವರಿಗೆ ಬರೆದ ಒಂದು ಪತ್ರವಿದೆ. ಪಾಪಕ್ಷಮೆಗೆ ಸಂಬಂಧಿಸಿದ ವ್ಯಾಟಿಕನ್ನಿನ ಪೀಠಕ್ಕೆ ಆ ಕಾರ್ಡಿನಲ್ ಆಗ ಮುಖ್ಯಸ್ಥರು. ಅದರಲ್ಲಿ ಜಗದ್ಗುರುಗಳು ಇದೇ ಕಷ್ಟವನ್ನು ಎತ್ತಿಕೊಂಡಿದ್ದಾರೆ. ಹಿಂದಿನ ಅನುಭವದಿಂದಲೂ ತನ್ನ ದುರ್ಬಲತೆಯ ಅರಿವಿನಿಂದಲೂ ಒಬ್ಬನಿಗೆ ಮತ್ತೆ ಬಿದ್ದೇನೆಂಬ ಭಯ ಇರಬಹುದು. ಆ ಭಯವಿದ್ದ ಮಾತ್ರಕ್ಕೆ ಅವನ ಸಂಕಲ್ಪ ಸುಳ್ಳಾಗುವುದಿಲ್ಲ ಎನ್ನುವುದು ಅವರ ಮಾತಿನ ತಾತ್ಪರ್ಯ. ಆದರೆ ಆ ಭಯದ ಜೊತೆಗೆ, ಪಾಪವನ್ನು ತಪ್ಪಿಸಲು ತನ್ನಿಂದಾದದ್ದನ್ನು ಮಾಡುತ್ತೇನೆಂಬ ಇಚ್ಛೆಯೂ ಪ್ರಾರ್ಥನೆಯ ಬಲವೂ ಸೇರಿರಬೇಕು. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಕುಟುಂಬದ ಬಗ್ಗೆ ಬರೆದ ‘ಅಮೋರಿಸ್ ಲೆತಿಸಿಯಾ’ದ ಅಡಿಟಿಪ್ಪಣಿಯೊಂದರಲ್ಲಿ ಈ ಪತ್ರವನ್ನು ನೆನಪಿಸಿದ್ದಾರೆ.

ನನಗೆ ಇದರಲ್ಲಿ ದೊಡ್ಡ ಬೆಳಕು ಕಂಡಿತು. ಸಂಕಲ್ಪ ಬೇರೆ, ಭವಿಷ್ಯ ಹೇಳುವುದು ಬೇರೆ. “ಮಾಡುವುದಿಲ್ಲ” ಎಂದು ನಾನು ದೇವರಿಗೆ ಹೇಳುವಾಗ ನಾಳೆಯ ಸುದ್ದಿ ಓದುತ್ತಿಲ್ಲ. ಇವತ್ತಿನ ನನ್ನ ಇಚ್ಛೆಯನ್ನು ಆತನ ಕೈಗೆ ಕೊಡುತ್ತಿದ್ದೇನೆ. ಮಳೆ ಕೈಕೊಡಬಹುದೆಂದು ಗೊತ್ತಿದ್ದೂ ರೈತ ಬಿತ್ತುತ್ತಾನೆ. ಅವನನ್ನು ಸುಳ್ಳುಗಾರನೆನ್ನುತ್ತೀರಾ?

ಇದನ್ನು ಕಾಕಾಗೆ ಹೇಳಿದೆ. ಅವರು ಒಪ್ಪಲಿಲ್ಲ. “ಮಳಿ ರೈತನ ಕೈಯಾಗಿಲ್ಲೋ ತಮ್ಮಾ. ಬಾಟ್ಲಿ ನನ್ನ ಕೈಯಾಗs ಐತಿ” ಎಂದರು. ನಾನು ಸುಮ್ಮನಾದೆ. ನನ್ನ ಹೋಲಿಕೆ ಕುಂಟುತ್ತಿತ್ತು. ಅವರ ಮಾತೇ ಸರಿ.

ಪ್ರಿಯ ಓದುಗರೇ, ಇಲ್ಲಿ ನಾವು ಸುಲಭದ ಸಮಾಧಾನಕ್ಕೆ ಜಾರಬಾರದು. ಬೀಳುವ ಭಯ ಸಂಕಲ್ಪವನ್ನು ಕೆಡಿಸುವುದಿಲ್ಲ ಎಂದಾಕ್ಷಣ, ಎಷ್ಟು ಬಿದ್ದರೂ ಚಿಂತೆಯಿಲ್ಲ ಎಂದಾಗಲಿಲ್ಲ. ಸಂತ ಅಗಸ್ಟಿನರು ಯೌವನದಲ್ಲಿ ಶುದ್ಧ ಜೀವನ ಬೇಡಿಕೊಳ್ಳುತ್ತಲೇ, ಅದು ಈಗಲೇ ಬೇಡ ಎಂದೂ ದೇವರಲ್ಲಿ ಬೇಡಿಕೊಂಡರಂತೆ. ಅವರೇ ಮುಂದೆ ನಾಚಿಕೊಂಡು ಬರೆದಿದ್ದಾರೆ. ಬಿದ್ದೇನೆಂದು ಹೆದರುವವನು ಬೇರೆ, ಬೀಳಲು ಜಾಗ ಉಳಿಸಿಕೊಂಡವನು ಬೇರೆ. ಇಬ್ಬರ ಬಾಯಲ್ಲೂ ಬರುವ ಪ್ರಾರ್ಥನೆ ಒಂದೇ. ಇವರನ್ನು ಬೇರೆ ಮಾಡಿ ನೋಡುವುದು ಹೇಗೆ?

ಮಿರಜದ ಕಾರಿಗರರು ಹೇಳಿದ್ದು ನನಗೆ ಇಲ್ಲಿ ಕೆಲಸಕ್ಕೆ ಬಂತು. ಜಾರಿದರೆ ಮೊದಲು ತೆಗೆದು ನೋಡಬೇಕು. ಎಲ್ಲಿ ಜಾರುತ್ತೇನೆಂದು ಗೊತ್ತಿದ್ದೂ ಆ ಜಾಗವನ್ನು ಮುಟ್ಟದೆ, ಇನ್ನಷ್ಟು ಗಟ್ಟಿಯಾಗಿ “ಮಾಡುವುದಿಲ್ಲ” ಎನ್ನುವವನ ಸಂಕಲ್ಪದಲ್ಲಿ ಏನೋ ಕೊರತೆಯಿದೆ. ಅವನು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಆದರೆ ಪೂರ್ತಿ ಸತ್ಯವನ್ನೂ ಹೇಳುತ್ತಿಲ್ಲ. ನಾವು ಚಿಕ್ಕಂದಿನಲ್ಲಿ ಕಲಿತ ಪಶ್ಚಾತ್ತಾಪದ ಜಪದಲ್ಲಿ ಪಾಪವನ್ನಷ್ಟೇ ಅಲ್ಲ, ಪಾಪಕ್ಕೆ ಎಡೆಮಾಡುವ ಸಂದರ್ಭಗಳನ್ನೂ ಬಿಡುತ್ತೇನೆಂದು ಹೇಳುತ್ತೇವೆ. ಆ ಮಾತನ್ನು ಬಾಯಿಪಾಠವಾಗಿ ಹೇಳಿ ಮುಗಿಸುತ್ತೇವೆ. ನನ್ನ ಮಟ್ಟಿಗೆ ಇಡೀ ಜಪದಲ್ಲಿ ಕೈಗೆ ಕೆಲಸ ಕೊಡುವ ಮಾತು ಅದೊಂದೇ.

ಕಾಕಾ ಪ್ರತಿ ಸಲವೂ ಸಂಕಲ್ಪ ಮಾಡಿದ್ದು ಕುಡಿತದ ಬಗ್ಗೆ. ಕಬ್ಬಿನ ಬಿಲ್ಲಿನ ಬಗ್ಗೆ ಅಲ್ಲ. ಬಿಲ್ಲು ಬಂದ ದಿನ ಪೇಟೆಗೆ ಒಬ್ಬರೇ ಹೋಗುವುದರ ಬಗ್ಗೆ ಅಲ್ಲ. ದುಡ್ಡು ತರಲು ಹೋಗುವುದು ಪಾಪವಲ್ಲವಲ್ಲ, ಹಾಗಾಗಿ ಅದು ಪಾಪನಿವೇದನೆಯಲ್ಲಿ ಬರಲೇ ಇಲ್ಲ. ಹೊಳೆವ ಗೆರೆ ಇದ್ದದ್ದು ಅಲ್ಲಿ.

ಆಣೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಮಕ್ಕಳ ತಲೆ ಮುಟ್ಟಿ ಆಣೆ ಮಾಡುವ ರೂಢಿ ನಮ್ಮ ಕಡೆ ತುಂಬ ಇದೆ, ಕ್ರೈಸ್ತರಲ್ಲೂ ಇದೆ. ಅದನ್ನು ಭಕ್ತಿಯೆಂದು ಕೆಲವರು ತಿಳಿದಿದ್ದಾರೆ. ಅದು ಫೆವಿಕಾಲ್ ಹಾಕುವ ಕೆಲಸ. ತನ್ನ ದುರ್ಬಲತೆಗೆ ಮಗುವಿನ ತಲೆಯನ್ನು ಒತ್ತೆಯಿಡಲು ತಂದೆಗೆ ಹಕ್ಕಿಲ್ಲ. ಆಣೆ ಮುರಿದಾಗ ಮಗುವಿಗೆ ಜ್ವರ ಬಂದರೆ ಆ ಮನೆಯಲ್ಲಿ ಎಂಥ ಭಯ ಹುಟ್ಟುತ್ತದೆಂದು ಯೋಚಿಸಿ. ಕಾಕಾರ ಎರಡನೆಯ ಮಗಳು ದೊಡ್ಡವಳಾದ ಮೇಲೆ, “ಅಪ್ಪ ಕುಡದಾಗೊಮ್ಮೆ ನಾ ಸಾಯ್ತೀನಂತ ಅಂಜಕಿ ಬರ್ತಿತ್ತು” ಎಂದಳಂತೆ. ಇದನ್ನು ಹೇಳುವಾಗ ಕಾಕಾ ನೆಲ ನೋಡುತ್ತಿದ್ದರು.

ನಮ್ಮ ಯುವಕರು ಇನ್ನೊಂದು ಮಾತು ಹೇಳುತ್ತಾರೆ. ಬಿರಡೆಯ ಗೊಡವೆಯೇ ಬೇಡ, ಗಿಟಾರ್ ತನ್ನಿ, ಅದಕ್ಕೆ ಮಷೀನ್ ಇರುತ್ತದೆ, ಜಾರುವುದಿಲ್ಲ. ಗಿಟಾರಿನ ಕಿವಿ ತಿರುವಿದರೆ ಒಂದು ಸುರುಳಿ ಸ್ಕ್ರೂ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಸ್ಕ್ರೂ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಸ್ಕ್ರೂವನ್ನು ತಿರುಗಿಸಲಾರದು. ಜಾಣ ಏರ್ಪಾಡು. ಆಳೆತ್ತರದ ಡಬಲ್ ಬೇಸ್ ಎಂಬ ಪಿಟೀಲು ಜಾತಿಯ ವಾದ್ಯವನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ನಿಂತೇ ಬಾರಿಸುತ್ತಾರೆ. ಅದರ ದಪ್ಪ ತಂತಿಗಳ ಸೆಳೆತಕ್ಕೆ ಮರದ ಬಿರಡೆ ಸಾಲದೆಂದು ಬರ್ಲಿನ್ನಿನ ವಾದ್ಯಕಾರ ಕಾರ್ಲ್ ಲುಡ್ವಿಗ್ ಬಾಖ್‌ಮನ್ 1778ರಲ್ಲಿ ಇಂಥ ಹಲ್ಲಿನ ಯಂತ್ರ ಕೂರಿಸಿದನು. ಅಲ್ಲಿಗೆ ಜಾರುವ ಕಥೆ ಮುಗಿಯಿತೇ? ಇಲ್ಲ. ಹಳೆಯ ಬೇಸ್‌ಗಳಲ್ಲಿ ಯಂತ್ರವೂ ಅಲುಗಾಡುತ್ತದೆ, ಸ್ವರ ಇಳಿಯುತ್ತದೆ. ಹಲ್ಲು ಸವೆಯುವುದೂ ಉಂಟು. ಆದರೆ ಎಷ್ಟೋ ಸಲ ಹಲ್ಲು ಸರಿಯಾಗಿಯೇ ಇರುತ್ತದೆ. ಯಂತ್ರದ ತಗಡನ್ನು ಮರಕ್ಕೆ ಹಿಡಿದ ಸಣ್ಣ ಸ್ಕ್ರೂಗಳ ತೂತುಗಳು ಅಗಲವಾಗಿರುತ್ತವೆ. ಸ್ಕ್ರೂ ತಿರುಗುತ್ತದೆ, ಹಿಡಿಯುವುದಿಲ್ಲ. ಅವಸರದವನು ಇನ್ನೂ ದಪ್ಪ ಸ್ಕ್ರೂ ತುರುಕುತ್ತಾನೆ, ಮರ ಸೀಳುತ್ತದೆ. ತಿಳಿದವನು ಸ್ಕ್ರೂ ತೆಗೆದು, ತೂತಿಗೆ ಗಟ್ಟಿ ಮರದ ಕಡ್ಡಿಯನ್ನು ಅಂಟಿನೊಡನೆ ತುಂಬಿ, ಒಣಗಿದ ಮೇಲೆ ಹೊಸದಾಗಿ ಸಣ್ಣ ತೂತು ಕೊರೆದು ಅದೇ ಸ್ಕ್ರೂ ಹಾಕುತ್ತಾನೆ. ನಮ್ಮ ಗಾಯನವೃಂದದ ಹಳೆಯ ಗಿಟಾರಿಗೂ ಒಬ್ಬ ಬಡಿಗೇರರು ಬೆಂಕಿಕಡ್ಡಿ ತುಂಡು ತುಂಬಿ ಹೀಗೇ ಮಾಡಿಕೊಟ್ಟಿದ್ದಾರೆ. ಇಲ್ಲಿ ಅಂಟು ಬೇಕು ನೋಡಿ. ತಿರುಗಬಾರದ ಕಡೆ ಅಂಟು, ತಿರುಗಬೇಕಾದ ಕಡೆ ಸೀಮೆಸುಣ್ಣ.

ಇದನ್ನು ಯಾಕೆ ಹೇಳಿದೆನೆಂದರೆ, ಮನುಷ್ಯನನ್ನು ಹೊರಗಿನಿಂದ ಬಿಗಿಯುವ ಏರ್ಪಾಡುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾರಾಯಿ ನಿಷೇಧ ಬೇಕಿತ್ತು. ವ್ಯಸನಮುಕ್ತಿ ಶಿಬಿರ ಬೇಕು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಕೂಡಿ ಆರಂಭಿಸಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘ ಇಂದು ನಮ್ಮ ರಾಜ್ಯದಲ್ಲೂ ಸಭೆ ನಡೆಸುತ್ತದೆ. ಕುಡಿತ ಪಾಪ ಮಾತ್ರವಲ್ಲ, ರೋಗವೂ ಹೌದೆಂದು ವೈದ್ಯರು ಹೇಳುವುದನ್ನು ನಂಬಿಕೆಯ ಕೊರತೆಯೆಂದು ಯಾರೂ ತಿಳಿಯಬಾರದು. ವೈದ್ಯರ ಬಳಿಗೆ ಹೋಗುವುದೂ ಸಂಕಲ್ಪದ ಒಂದು ಭಾಗವೇ. ಆದರೆ ಯಾವ ಯಂತ್ರವಾದರೂ ಅದೇ ಮರಕ್ಕೆ ಕೂರಬೇಕಲ್ಲ?

ಇನ್ನು ಕ್ಷಮಿಸುವವರ ಮಾತು. ಇದನ್ನು ಮರೆತು ಬರೆದರೆ ಈ ಪುಟವನ್ನು ಓದುವ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತದೆ. ತನಗೆ ತಪ್ಪು ಮಾಡಿದ ಸಹೋದರನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಕೇಳಿದಾಗ, ಯೇಸುಸ್ವಾಮಿ ಎಣಿಕೆಗೇ ಸಿಗದಂಥ ಉತ್ತರ ಕೊಟ್ಟರೆಂದು ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿದೆ. ಈ ಮಾತನ್ನು ಎಷ್ಟೋ ಮನೆಗಳಲ್ಲಿ ಗಂಡಂದಿರು ತಮ್ಮ ಪಾಲಿನ ಚೀಟಿಯಂತೆ ಬಳಸುತ್ತಾರೆ. ಕ್ಷಮಿಸಬೇಕು ನಿಜ. ಆದರೆ ಕ್ಷಮಿಸುವುದೆಂದರೆ ತಿಜೋರಿಯ ಕೀಲಿ ಮತ್ತೆ ಅದೇ ಕೈಗೆ ಕೊಡುವುದಲ್ಲ. ಕಾಕಾರ ಹೆಂಡತಿಯನ್ನು ನಾನು ಕಾಕೂ ಎನ್ನುತ್ತೇನೆ. ಆಕೆ ಒಮ್ಮೆ ಹೇಳಿದ್ದು: “ಕ್ಷಮಾ ನಾ ಯಾವತ್ತೂ ಮಾಡೀನಿ. ನಂಬಾಕ ಹೇಳಬ್ಯಾಡ್ರಿ.” ಇದು ಕಠಿಣ ಮಾತೆಂದು ನನಗನಿಸಲಿಲ್ಲ. ಕ್ಷಮೆ ಒಂದು ಕ್ಷಣದಲ್ಲಿ ಕೊಡಬಹುದಾದದ್ದು. ನಂಬಿಕೆ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ ಕೂರಿಸಬೇಕಾದದ್ದು. ತಂಬೂರಿಯಲ್ಲಿ ಜಾರುವುದು ಬಿರಡೆ, ಕಡಿದು ಹೋಗುವುದು ತಂತಿ ಎಂಬುದನ್ನೂ ಗಂಡಸರು ನೆನಪಿಡಬೇಕು.

ಆ ವರ್ಷ ಪವಿತ್ರ ವಾರದ ಬುಧವಾರ ಕಾಕಾ ಪಾಪನಿವೇದನೆಗೆ ಹೋದರು. ಗುರುಗಳು ಏನು ಹೇಳಿದರೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದದ್ದೂ ಅಲ್ಲ. ಕಾಕಾ ತಾವು ಮಾಡಿದ್ದನ್ನು ಮಾತ್ರ ಹೇಳಿದರು. ಕಬ್ಬಿನ ಬಿಲ್ಲು ಇನ್ನು ಕಾಕೂನ ಖಾತೆಗೆ ಬರುವಂತೆ ಬರೆದುಕೊಟ್ಟರು. ಪೇಟೆಗೆ ಹೋಗುವಾಗ ಅಳಿಯ ಜೊತೆಗಿರುತ್ತಾನೆ. ಅಳಿಯನ ಮುಂದೆ ಇದನ್ನು ಬಾಯಿಬಿಟ್ಟು ಹೇಳುವುದು ಪಾಪನಿವೇದನೆಗಿಂತ ಕಷ್ಟವಾಯಿತಂತೆ.

ಸಂತ ಇಗ್ನೇಷಿಯಸರು ತಮ್ಮ ‘ಆಧ್ಯಾತ್ಮಿಕ ಸಾಧನೆ’ಯಲ್ಲಿ ಹೇಳಿಕೊಟ್ಟ ಒಂದು ಉಪಾಯವನ್ನೂ ನಾನು ಕಾಕಾಗೆ ತಿಳಿಸಿದೆ. ಒಂದೇ ದೋಷವನ್ನು ಆರಿಸಿಕೊಳ್ಳಬೇಕು. ದಿನಕ್ಕೆ ಎರಡು ಗೆರೆ ಎಳೆಯಬೇಕು, ಮಧ್ಯಾಹ್ನಕ್ಕೊಂದು, ರಾತ್ರಿಗೊಂದು. ಬಿದ್ದಷ್ಟು ಸಲ ಗೆರೆಯ ಮೇಲೆ ಚುಕ್ಕಿ ಇಡಬೇಕು. ಇವತ್ತಿನದನ್ನು ನಿನ್ನೆಯದಕ್ಕೆ, ಈ ವಾರದ್ದನ್ನು ಹೋದ ವಾರಕ್ಕೆ ಹೋಲಿಸಬೇಕು. ಇದರಲ್ಲಿ ನನಗೆ ಇಷ್ಟವಾದದ್ದು ಅಲ್ಲಿಯ ವಾಸ್ತವ ದೃಷ್ಟಿ. ಚುಕ್ಕಿಗಳಿಗೆ ಜಾಗ ಬಿಟ್ಟೇ ಸಂತರು ಗೆರೆ ಎಳೆದಿದ್ದಾರೆ. ತಂಬೂರಿಯಲ್ಲೂ ಬಿರಡೆ ತಿರುವಿ ಕೆಲಸ ಮುಗಿಯುವುದಿಲ್ಲ. ಕುದುರೆಯ ಕೆಳಗೆ ತಂತಿಯಲ್ಲಿ ಪೋಣಿಸಿದ ಮಣಿಯೊಂದಿರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿ ಸ್ವರ ಕೂಡಿಸುತ್ತಾರೆ. ಪ್ರತಿ ಸಲ ಹಾಡುವ ಮುಂಚೆ, ಎಷ್ಟೋ ಸಲ ಹಾಡಿನ ನಡುವೆಯೂ. ದೊಡ್ಡ ಗವಾಯಿಗಳೂ ಇದನ್ನು ಮಾಡುತ್ತಾರೆ. ಯಾರೂ ಅದನ್ನು ಸೋಲೆನ್ನುವುದಿಲ್ಲ.

ಕಾಕಾ ಗೆರೆ ಎಳೆಯಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲೇ ಚುಕ್ಕಿ ಇಡುತ್ತಾರೆ. ಮೊದಲನೆಯ ವರ್ಷ ನಾನು ಅವರ ಮನೆಗೆ ಹೋದಾಗ ಎಣಿಸಿದೆ, ನಾಲ್ಕು ಚುಕ್ಕಿಗಳಿದ್ದವು. ಅದರ ಮರುವರ್ಷ ಎರಡು. ಆಮೇಲಿನ ವರ್ಷ ಮತ್ತೆ ಮೂರಾಯಿತು. ಮಗನ ಮದುವೆಯಿತ್ತು, ಬೀಗರು ಬಂದಿದ್ದರು. ಆ ಮೂರನೆಯ ಚುಕ್ಕಿಯ ಮರುದಿನವೇ ಅವರು ಗುರುಗಳ ಬಳಿಗೆ ಹೋದರೆಂದು ಕಾಕೂ ಹೇಳಿದರು. ಹಿಂದೆ ಆಗಿದ್ದರೆ ತಪಸ್ಸು ಕಾಲ ಬರುವವರೆಗೆ ಕಾಯುತ್ತಿದ್ದರು.

ಈ ವರ್ಷ ತಪಸ್ಸು ಕಾಲದ ಒಂದು ಶುಕ್ರವಾರ ಖರ್ಜದ ಬಿರಡೆ ಮತ್ತೆ ಸ್ವಲ್ಪ ಜಾರಿತು. ಬಿಸಿಲು ವಿಪರೀತವಿತ್ತು. ಕಾಕಾ ತಿರುವಲಿಲ್ಲ. ಬಿರಡೆ ಎಳೆದು, ಗವಸಣಿಗೆಯ ಮೂಲೆಯಿಂದ ಸೀಮೆಸುಣ್ಣದ ತುಂಡು ತೆಗೆದು ಸವರಿ, ಒಳಕ್ಕೆ ಒತ್ತುತ್ತ ನಿಧಾನವಾಗಿ ತಿರುವಿದರು. ನಾವು ಒಂಬತ್ತನೆಯ ಸ್ಥಳದ ಮುಂದೆ ಕಾಯುತ್ತ ನಿಂತಿದ್ದೆವು. ಮಕ್ಕಳು ಗದ್ದಲ ಮಾಡತೊಡಗಿದರು. “ಗಡಬಡಿ ಮಾಡಬ್ಯಾಡ್ರಿ, ಈಗ ಕೂಡತೈತಿ” ಎಂದು ಕಾಕೂ ಅವರನ್ನು ಗದರಿಸಿದರು.